ಅಮ್ಮನ ಸೊಂಟ, ನನ್ನ ಸಸ್ಪೆನ್ಷನ್

ಕಳೆದ ದೀಪಾವಳಿಗೆ ಎರಡು ದಿನ ಮುಂಚೆ ಅಮ್ಮ ಹೆಬ್ರಿಯ ದೊಡ್ಡಮ್ಮನ ಮನೆಗೆ ಹೊರಟಿದ್ದರು. "ನಾನು ಬಿಡ್ತೇನೆ ಅಮ್ಮ" ಅಂದೆ. "ಬೇಡ ಮಗಾ, ಬಸ್ಸು ಉಂಟಲ್ಲ" ಅಂದವರೇ ಚೀಲ ಹಿಡಿದು ಪಡುಬಿದ್ರಿ ಪೇಟೆ ಕಡೆ ನಡೆದುಬಿಟ್ಟರು. ಸೊಂಟನೋವಿರುವವರು ಮನೆಯಲ್ಲಿ ಗಾಡಿ ಇದ್ದೂ ಬಸ್ಸಿಗೆ ಹೋಗುವುದಾ? ರಾತ್ರಿ ತಂಗಿ ಫೋನಿನಲ್ಲಿ ನಿಜ ಹೇಳಿದಳು: "ನಿನ್ನ ಗಾಡಿಯಲ್ಲಿ ಹೋಗಿ ಬಂದರೆ ಅಮ್ಮ ಎರಡು ದಿನ ಮಲಗ್ತಾರೆ. ನಿನಗೆ ಬೇಜಾರಾಗ್ತದೆ ಅಂತ ಹೇಳುವುದಿಲ್ಲ, ಅಷ್ಟೇ."

ನನ್ನದು ಸೆಕೆಂಡ್ ಹ್ಯಾಂಡ್ ಹಳೇ ಥಾರ್. ಬೋನಸ್ ಹಣ ಸುರಿದು ಅದಕ್ಕೆ ಹೊಸ ಸಸ್ಪೆನ್ಷನ್ ಕಿಟ್ ಹಾಕಿಸಿದ್ದೆ. ಎರಡು ಇಂಚು ಎತ್ತರ, ಡಬ್ಬದ ಮೇಲೆ 'ಹೆವಿ ಡ್ಯೂಟಿ' ಎಂಬ ದಪ್ಪ ಅಕ್ಷರ. ಹೆವಿ ಎಂದರೆ ಗಟ್ಟಿ, ಗಟ್ಟಿ ಎಂದರೆ ಒಳ್ಳೆಯದು. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದವನ ಲೆಕ್ಕ ಇಷ್ಟೇ ಇತ್ತು!

ಮರುವಾರ ಕಾರ್ಕಳದ ಒಬ್ಬರು ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಗಾಡಿ ಮುಟ್ಟುವ ಮೊದಲು ಕೇಳಿದ್ದು, "ಹಿಂದೆ ಎಷ್ಟು ಭಾರ ಹಾಕ್ತೀರಿ?"

"ಏನಿಲ್ಲ. ಹೆಚ್ಚೆಂದರೆ ಅಮ್ಮನ ಬ್ಯಾಗು, ಒಂದು ಚೀಲ ತೆಂಗಿನಕಾಯಿ."

"ಮತ್ತೆ ಮುನ್ನೂರು ಕಿಲೋ ಹೊರುವ ಸ್ಪ್ರಿಂಗ್ ಯಾಕೆ ಮಾರ್ರೆ?"

ಆಫೀಸಿನಲ್ಲಿ ಬಳಸುವವರು ಯಾರು ಎಂದು ಕೇಳದೆ ನಾವು ಒಂದು ಸಾಲು ಕೋಡ್ ಬರೆಯುವುದಿಲ್ಲ. ಗಾಡಿಗೆ ಮಾತ್ರ ಆ ಪ್ರಶ್ನೆ ಹೊಳೆದಿರಲಿಲ್ಲ.

ಅವರು ವಿವರಿಸಿದ್ದು ಹೀಗೆ. ಭಾರ ಹೊರುವುದು ಸ್ಪ್ರಿಂಗ್‌ನ ಕೆಲಸ; ಅದು ಕುಣಿಯುತ್ತಲೇ ಇರದಂತೆ ತಡೆಯುವುದು ಶಾಕ್‌ನ ಕೆಲಸ. ಶಾಕ್‌ನೊಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ನುಗ್ಗುವಾಗ ಕುಣಿತದ ಶಕ್ತಿ ಬಿಸಿಯಾಗಿ ಕರಗುತ್ತದೆ. ಭಾರಕ್ಕೆಂದು ಮಾಡಿದ ಸ್ಪ್ರಿಂಗ್ ಖಾಲಿ ಗಾಡಿಯಲ್ಲಿ ಬಗ್ಗುವುದೇ ಇಲ್ಲ. ಹೊಂಡದ ಏಟು ನೇರ ಸೀಟಿಗೆ, ಸೀಟಿನಿಂದ ಅಮ್ಮನ ಬೆನ್ನಿಗೆ. ಮೇಲಾಗಿ ಗಾಡಿ ಎತ್ತರವಾದಷ್ಟೂ ತಿರುವಿನಲ್ಲಿ ವಾಲುವುದು ಜಾಸ್ತಿ. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಅಮ್ಮ ಹಿಡಿಕೆ ಬಿಡದೆ ಕೂತಿದ್ದು ಭಯಕ್ಕೆ ಎಂದುಕೊಂಡಿದ್ದೆ.

ಹಳೇ ಥಾರ್‌ನ ಹಿಂದೆ ಇರುವುದು ಲೀಫ್ ಸ್ಪ್ರಿಂಗ್, ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ಬಗ್ಗಬೇಕಾದರೆ ಅವು ಒಂದರ ಮೇಲೊಂದು ಜಾರಬೇಕು. ನಮ್ಮ ಕಡಲ ತೀರದ ಉಪ್ಪುಗಾಳಿಗೆ ತುಕ್ಕು ಹಿಡಿದರೆ ಸಣ್ಣ ಏಟಿಗೆ ಜಾರುವುದೇ ಇಲ್ಲ. "ಒಂದೆರಡು ಪಟ್ಟಿ ತೆಗೆದರೆ ಮೆತ್ತಗಾಗ್ತದಾ?" ಕೇಳಿದೆ. "ಆಗ್ತದೆ. ಆದರೆ ನಾಲ್ಕು ಜನ ಕೂತ ದಿನ ಕೆಳಗೆ ಬಡಿದು, ಉಳಿದ ಪಟ್ಟಿ ತುಂಡಾಗ್ತದೆ" ಅಂದರು.

ಖರ್ಚು ಕಡಿಮೆ ಇರುವುದರಿಂದ ಶುರು ಮಾಡಿದೆವು. ಮೊದಲು ಟೈರಿನ ಗಾಳಿ: ಮ್ಯಾನುವಲ್ ಹೇಳಿದ್ದಕ್ಕಿಂತ ಬಹಳ ಜಾಸ್ತಿ ಇತ್ತು, ಇಳಿಸಿದೆವು. ಆಮೇಲೆ ಸವೆದ ರಬ್ಬರ್ ಬುಶ್‌ಗಳು. ಕೊನೆಗೆ ಹೆವಿ ಕಿಟ್ ಬಿಚ್ಚಿ, ನಿತ್ಯದ ಭಾರಕ್ಕೆ ಹೊಂದುವ ಸ್ಪ್ರಿಂಗ್, ಅದಕ್ಕೆ ಜೊತೆಯಾಗುವ ಶಾಕ್. ಎತ್ತರ ಕಂಪನಿ ಕೊಟ್ಟಷ್ಟೇ. ಕಿಟ್ಟನ್ನು ಅರ್ಧ ಬೆಲೆಗೆ ಮಾರಿದೆ. ಹೊಟ್ಟೆ ಉರಿಯಿತು, ನಿಜ.

ಹೊಸ ಥಾರ್, ಜಿಮ್ನಿಗಳಿಗೆ ಹಿಂದೆಯೂ ಕಾಯಿಲ್ ಸ್ಪ್ರಿಂಗ್ ಇದೆ. ಆದರೂ ಪ್ರಶ್ನೆ ಅದೇ: ದಿನಾ ಯಾರು ಕೂರ್ತಾರೆ, ಎಷ್ಟು ಭಾರ, ಯಾವ ರಸ್ತೆ? ಅಂಗಡಿಯವರು ಇದನ್ನು ಕೇಳದೆ ಕಿಟ್ ತೋರಿಸಿದರೆ ಎದ್ದು ಬನ್ನಿ. ಗಾಡಿಯ ಮೂಲ ವಿವರಗಳನ್ನು ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಿತಿ ಹಾಕುತ್ತದೆ. ಎತ್ತರಿಸುವ ಆಸೆ ಇದ್ದರೆ ಮೊದಲು ಆರ್‌ಟಿಒದಲ್ಲೂ ಇನ್ಶೂರೆನ್ಸ್‌ನವರಲ್ಲೂ ಕೇಳಿ.

ಕೆಲಸ ಮುಗಿದ ಭಾನುವಾರ ಅಮ್ಮನನ್ನು ಒತ್ತಾಯದಿಂದ ಹತ್ತಿಸಿದೆ. ಸೊಂಟಕ್ಕೆ ದಿಂಬು ಇಟ್ಟುಕೊಂಡೇ ಕೂತರು. ಬೆಳ್ಮಣ್ ದಾಟುವವರೆಗೆ ಮಾತಿಲ್ಲ, ನಿಟ್ಟೆ ಹತ್ತಿರ ದೊಡ್ಡಮ್ಮನ ಸೊಸೆಯ ಸುದ್ದಿ ಶುರುವಾಯಿತು. ಕೊನೆಯ ಮಣ್ಣುರಸ್ತೆಯ ಹೊಂಡಗಳಲ್ಲಿ ಗಾಡಿ ಆಡಿತು, ಆದರೆ ಕುಕ್ಕಲಿಲ್ಲ. ಅಮ್ಮನ ಮಾತೂ ನಿಲ್ಲಲಿಲ್ಲ.

ಇಳಿಯುವಾಗ ಗಾಡಿ ಬಗ್ಗೆ ಒಂದು ಮಾತೂ ಆಡಲಿಲ್ಲ. "ಬುಧವಾರ ನೀನೇ ಬಂದು ಕರ್ಕೊಂಡು ಹೋಗು, ಆಯ್ತಾ?" ಅಂದರು.