ಗೋಡೆಯಾಚೆಯ ನಿದ್ರೆ

ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ರೂಢಿಯಾದ ನಸುಕಿನ ಸ್ನಾನವನ್ನು ಅರವತ್ತು ದಾಟಿದ ಮೇಲೂ ನಾವು ಬಿಟ್ಟವರಲ್ಲ. ಗೋಕಾಕದ ನಮ್ಮ ಮನೆಯಲ್ಲಿ ನಾಲ್ಕೂವರೆಗೆ ನಲ್ಲಿ ತಿರುಗಿಸುವುದು, ಮಿಂದು ವಿಭೂತಿ ಧರಿಸಿ ಇಷ್ಟಲಿಂಗಪೂಜೆಗೆ ಕುಳಿತುಕೊಳ್ಳುವುದು ನಿತ್ಯಕ್ರಮ. ಆ ನಲ್ಲಿಯೇ ನೆರೆಮನೆಯ ವೃದ್ಧ ತಾಯಿಯೊಬ್ಬರ ನಿದ್ರೆಯನ್ನು ಕೆಡಿಸುತ್ತಿದೆಯೆಂಬುದು ಬಹುದಿನ ನಮಗೆ ತಿಳಿಯಲಿಲ್ಲ.

ಕಾರಣ ಇಷ್ಟು. ಮಗನು ಮಾಳಿಗೆಯ ಮೇಲೆ ಹೊಸ ಸ್ನಾನಗೃಹ ಕಟ್ಟಿಸಿದನು. ನೀರಿನ ತೊಟ್ಟಿ ಅದರ ನಲ್ಲಿಗಿಂತ ಬರಿಯ 2 ಮೀಟರ್ ಎತ್ತರದಲ್ಲಿತ್ತು. 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡವೆಂಬುದು ಲೆಕ್ಕ. ನಮಗೆ ದೊರೆತದ್ದು ಅದರ ಐದನೆಯ ಒಂದಂಶ. ಸೋಲಾರ್ ಹೀಟರಿನ ಬಿಸಿನೀರು ತೊಟ್ಟಿಕ್ಕುತ್ತಿತ್ತೇ ಹೊರತು ಸುರಿಯುತ್ತಿರಲಿಲ್ಲ. ಆ ಮಾರ್ಗದಲ್ಲಿ, ನಲ್ಲಿ ತೆರೆದೊಡನೆ ತಾನೇ ಓಡುವ ಪ್ರೆಶರ್ ಪಂಪೊಂದನ್ನು ಕೂಡಿಸಲಾಯಿತು.

ಮೂಡಲಗಿಯಲ್ಲಿ ದಯೆಯ ವಿಷಯವಾಗಿ ಪ್ರವಚನ ಮಾಡಿ ಮರಳಿದ ದಿನ ನೆರೆಮನೆಯ ಯಜಮಾನರು ಬಾಗಿಲಲ್ಲಿ ನಿಂತರು. “ಶಾಸ್ತ್ರಿಗಳ, ತಪ್ಪ ತಿಳೀಬ್ಯಾಡ್ರಿ. ನಸುಕಿನಾಗ ನಿಮ್ಮ ಪಂಪ್ ಚಾಲೂ ಆತಂದ್ರ ನಮ್ಮ ಅವ್ವಗ ಎಚ್ಚರಾಗತೈತ್ರಿ. ಮತ್ತ ನಿದ್ದಿ ಹತ್ತೂದಿಲ್ಲ. ಮೂರು ತಿಂಗಳಾತು, ಹೆಂಗ ಹೇಳೂದಂತ ಸುಮ್ಮನಿದ್ದೆ” ಎಂದರು. ಟೊಂಕದ ಎಲುಬು ಮುರಿದು ಮಲಗಿದ್ದ ಆ ತಾಯಿಯ ಮಂಚ ನಡುಗೋಡೆಗೆ ಹತ್ತಿಕೊಂಡಿತ್ತು. ಪ್ರವಚನಕ್ಕೆ ಹೊದಿಸಿದ ಶಾಲು ಇನ್ನೂ ನಮ್ಮ ಹೆಗಲ ಮೇಲಿತ್ತು. ಆ ವಾರವೆಲ್ಲ ಪಂಪಿಗೆ ಕೈ ಹಚ್ಚದೆ ತಣ್ಣೀರಿನಲ್ಲಿಯೇ ಮಿಂದೆವು.

ಗೋಕಾಕದವರಿಗೆ ನೀರಿನ ಸದ್ದು ಹೊಸದಲ್ಲ. ಮಳೆಗಾಲದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಎತ್ತರದಿಂದ ಧುಮುಕುವಾಗಲೂ ಜಲಪಾತದ ಮಗ್ಗುಲಿನ ಮನೆಗಳಲ್ಲಿ ಕೂಸುಗಳು ನಿಶ್ಚಿಂತೆಯಿಂದ ಮಲಗುತ್ತವೆ. ಎಡೆಬಿಡದ ಘೋಷಕ್ಕೆ ಕಿವಿ ಒಗ್ಗೀತು. ನಿಃಶಬ್ದದ ನಡುವೆ ಫಕ್ಕನೆ ಹುಟ್ಟುವ ಗುಂಯ್‌ಕಾರಕ್ಕೆ ಒಗ್ಗದು.

ಹುಕ್ಕೇರಿಯಿಂದ ನಲ್ಲಿ ಕೆಲಸದ ತರುಣನೊಬ್ಬನನ್ನು ಕರೆಸಿದೆವು. ಅವನು ಪಂಪಿನ ಬಳಿ ಹೋಗದೆ ಮೊದಲು ಗೋಡೆಗೆ ಅಂಗೈ ಹಚ್ಚಿದನು. ನಮಗೂ ಹಚ್ಚಲು ಹೇಳಿದನು. ಗೋಡೆ ಜುಮುಗುಡುತ್ತಿತ್ತು. “ಸಪ್ಪಳ ಗಾಳ್ಯಾಗಿಂದ ಬರಾಕತ್ತಿಲ್ರಿ, ಪೈಪ ಹೊತ್ಕೊಂಡ ಬರಾಕತ್ತೈತಿ” ಎಂದನು. ತತ್ತ್ವಪದಕಾರರ ತಂಬೂರಿಯಲ್ಲಿ ತಂತಿಯ ದನಿ ಅಲ್ಪ. ಅದನ್ನು ಹಿಗ್ಗಿಸುವುದು ಬುರುಡೆ. ನಿಮಿಷಕ್ಕೆ ಸುಮಾರು 2,800 ಸುತ್ತು ತಿರುಗುವ ಪಂಪಿನ ನಡುಕವನ್ನು ಕಬ್ಬಿಣದ ಪೈಪು ಗೋಡೆಗೆ ಒಪ್ಪಿಸುತ್ತಿತ್ತು, ನಡುಗೋಡೆಯೇ ಬುರುಡೆಯಾಗಿತ್ತು.

ಪಂಪಿನ ಎರಡೂ ಬದಿಗೆ ಪೈಪನ್ನು ಕತ್ತರಿಸಿ, ಉಕ್ಕಿನ ತಂತಿಯ ಹೆಣಿಗೆಯುಳ್ಳ ಮೊಳದುದ್ದದ ರಬ್ಬರ್ ಹೋಸುಗಳನ್ನು ಕೂಡಿಸಿದನು. ಬಿಸಿನೀರಿನ ಮಾರ್ಗಕ್ಕೆ ತಾಪ ತಾಳುವ ಜಾತಿಯೇ ಬೇಕೆಂದು ಅಂಗಡಿಗೆ ಎರಡನೆಯ ಸಲ ಹೋದನು. ಎಳೆದು ಕಟ್ಟಿದ ಹೋಸು ಕಬ್ಬಿಣದಂತೆಯೇ ನಡುಕವನ್ನು ದಾಟಿಸುವುದರಿಂದ ತುಸು ಬಾಗು ಉಳಿಸಿದನು, ಆದರೆ ತಿರುಚಲಿಲ್ಲ. ಪಂಪಿನಡಿಗೆ ರಬ್ಬರ್ ಗಾದಿ, ಗೋಡೆಯ ಕ್ಲಾಂಪುಗಳೊಳಗೆ ರಬ್ಬರ್ ಪಟ್ಟಿ ಬಂದವು. ನೆಲದ ತೊಟ್ಟಿಯಿಂದ ನೀರೆಳೆಯುವ ಮೋಟಾರಿನ ಎಳೆಯುವ ಬದಿಗಾದರೆ ಮೆತ್ತನೆಯ ಹೋಸು ಸಲ್ಲದು. ಅದು ಒಳಕ್ಕೆ ಕುಸಿಯುತ್ತದೆ.

ಇಂಗ್ಲೆಂಡಿನಲ್ಲಿರುವ ತಂಗಿಯ ಮಗಳು ಫೋನಿನಲ್ಲಿ ಇದನ್ನು ಕೇಳಿ ನಕ್ಕಳು. ಅಲ್ಲಿ ಚಳಿಗಾಗಿ ಬಾಯ್ಲರಿನಲ್ಲಿ ಕಾಸಿದ ನೀರನ್ನು ಪಂಪು ಕೋಣೆಕೋಣೆಯ ರೇಡಿಯೇಟರುಗಳಿಗೆ ಸುತ್ತಾಡಿಸುತ್ತದೆ. ಅದೇ ಗುಂಯ್‌ಕಾರ, ಅದೇ ಮದ್ದು. ಅಲ್ಲಿ ಅದೇ ನೀರು ಮತ್ತೆ ಮತ್ತೆ ಸುತ್ತುವುದರಿಂದ, ಸಾಮಾನ್ಯ ಹೋಸಿನ ಮೈಯೊಳಗಿಂದ ನುಸುಳುವ ಆಮ್ಲಜನಕ ಉಕ್ಕಿನ ರೇಡಿಯೇಟರಿಗೆ ತುಕ್ಕು ಹಿಡಿಸುತ್ತದೆ. ಅದನ್ನು ತಡೆಯುವ ಪೊರೆಯುಳ್ಳ ಹೋಸೇ ಆಗಬೇಕು. ಪರದೇಶದಲ್ಲಿ ಮನೆ ಮಾಡಿರುವ ನಮ್ಮವರು ಇದನ್ನು ಗಮನಿಸಬೇಕು.

ನಮ್ಮಲ್ಲಿ ಸದ್ದು ಪೂರ್ತಿ ಅಡಗಿತೆಂದರೆ ಸುಳ್ಳಾದೀತು. ನಲ್ಲಿಯನ್ನು ಫಟ್ಟನೆ ಮುಚ್ಚಿದರೆ ಓಡುವ ನೀರು ತಡೆದು ‘ಧಡ್’ ಎನ್ನುವುದು ಇನ್ನೂ ಇದೆ. ಮೆಲ್ಲಗೆ ಮುಚ್ಚಬೇಕು, ಮೊಮ್ಮಕ್ಕಳಿಗೆ ಇದನ್ನು ಕಲಿಸುವುದು ವ್ಯಾಕರಣ ಕಲಿಸುವುದಕ್ಕಿಂತ ಕಷ್ಟ.

ನಾಲ್ಕನೆಯ ದಿನ ನೆರೆಮನೆಯವರು ಮತ್ತೆ ಬಂದರು. ಅವರ ಅವ್ವ ಕೇಳಿದರಂತೆ: “ಶಾಸ್ತ್ರಿಗಳು ಊರಾಗಿಲ್ಲೇನ? ಜಳಕದ ಸಪ್ಪಳಿಲ್ಲ.” ನಾವು ಹೋಗಿ ಮಂಚದ ಬಳಿ ಕುಳಿತು, ಊರಲ್ಲಿಯೇ ಇದ್ದೇವೆಂದು ತಿಳಿಸಿ ಬಂದೆವು.

ರಬ್ಬರು ಹಳತಾದರೆ ಸೀಳುವ ಭಯವುಂಟು. ಪ್ರತಿ ಅಮಾವಾಸ್ಯೆಗೊಮ್ಮೆ ಮಾಳಿಗೆ ಏರಿ ಹೋಸಿನ ಮೇಲೆ ಕೈಯಾಡಿಸಿ ನೋಡುತ್ತೇವೆ.