ಹಿಮದ ಕನ್ನಡಕ

ಕಣ್ಣಿಗೆ ಬೆಲೆ ಕಟ್ಟಲಾಗದೆಂಬುದು ನಿಜ. ಆದರೆ ಕನ್ನಡಕಕ್ಕೆ ಅಂಗಡಿಯವನು ಕಟ್ಟಿಯೇ ಕಟ್ಟುತ್ತಾನೆ. ಕಾಶ್ಮೀರದ ಗುಲ್ಮಾರ್ಗಕ್ಕೆ ಸ್ಕೀಯಿಂಗ್ ಕಲಿಯಲು ಹೊರಟ ನನ್ನ ತಮ್ಮನಿಗೆ ಗಾಗಲ್ಸ್ ಆರಿಸುವ ಹೊಣೆ, ಮೇಷ್ಟರ ಸಂಬಳದ ಮಿತಿಯೊಡನೆ, ನನ್ನ ಪಾಲಿಗೆ ಬಂದಿತು.

ಹೊಸ ಹಿಮವು ತನ್ನ ಮೇಲೆ ಬಿದ್ದ ಅತಿನೇರಳೆ ಕಿರಣಗಳಲ್ಲಿ ನೂರಕ್ಕೆ 80ರಷ್ಟನ್ನು ಮರಳಿ ಮುಖಕ್ಕೆ ಎರಚಬಲ್ಲುದು. ರಕ್ಷಣೆಯಿಲ್ಲದ ಕಣ್ಣು ಕೆಲವೇ ಗಂಟೆಗಳಲ್ಲಿ ಉರಿದು ಹಿಮಗುರುಡಿಗೆ ಈಡಾಗುತ್ತದೆ. ಕಪ್ಪು ಗಾಜೆಲ್ಲ ಕಾವಲಲ್ಲ. ಕತ್ತಲೆಗೆ ಪಾಪೆ ಅರಳಿ, ಸೋಸದ ಕಿರಣ ಮತ್ತಷ್ಟು ಒಳನುಗ್ಗುತ್ತದೆ. ಆದುದರಿಂದ ‘ಯುವಿ 400’ ಎಂಬ ಗುರುತು ಮೊದಲು. ಉಸಿರಿನ ಆವಿ ಕಟ್ಟದಂತೆ ನಡುವೆ ಗಾಳಿಯುಳ್ಳ, ಎರಡು ಪದರದ ಪಾಲಿಕಾರ್ಬೊನೇಟ್ ಮಸೂರ ಎರಡನೆಯದು. ಸಂದಿಯಿಲ್ಲದೆ ಮುಖಕ್ಕೆ ಕೂರುವ ಸ್ಪಂಜು ಮೂರನೆಯದು. ಬಿಸಿಲಿನ ದಿನಕ್ಕೆ, ಬೆಳಕಿನಲ್ಲಿ ನೂರಕ್ಕೆ 8ರಿಂದ 18ರಷ್ಟನ್ನು ಮಾತ್ರ ಬಿಡುವ 3ನೆಯ ವರ್ಗದ ಛಾಯೆ ಸಾಕು.

ಇವೆಲ್ಲ ಸಾಧಾರಣ ಬೆಲೆಯಲ್ಲೂ ದೊರೆಯುತ್ತವೆ. ಕನ್ನಡಿಯ ಹೊಳಪು, ಅಯಸ್ಕಾಂತದಿಂದ ಬದಲಾಗುವ ಮಸೂರ, ಪಟ್ಟಿಯ ಮೇಲಿನ ದೊಡ್ಡ ಹೆಸರು—ಹಣವೆಲ್ಲ ಇವಕ್ಕೆ. ನಾನು ಇವನ್ನು ಬಿಟ್ಟೆ. ತಮ್ಮನ ಮುಖ ತುಸು ಸಪ್ಪಗಾಯಿತು. ಆದರೇನು? ಬೆಟ್ಟದ ಮೇಲೆ ಅವನು ದಾರಿಯನ್ನು ನೋಡಬೇಕೇ ಹೊರತು, ದಾರಿಯವರು ಅವನನ್ನಲ್ಲ!