ಯಾವ ‘ಆಯ್ತು’?

‘ಮಾನ್ವಿಯ ಪಟ್ಟಿ ಸೇರಿಸಿ’ ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದೆ. ಎರಡು ನಿಮಿಷದೊಳಗೆ ಮಾನ್ವಿಯಿಂದ ಉತ್ತರ ಬಂತು: ‘ಆಯ್ತು ಸರ್.’ ನಾನು ನೆಮ್ಮದಿಯಿಂದ ಚಹಾ ಕುಡಿದೆ. ನಾಲ್ಕೂವರೆಗೆ ಇಮೇಲ್ ಕಳಿಸಿ ಮನೆಯ ಹಾದಿ ಹಿಡಿದೆ.

ಇದು 2021ರ ಮಾತು. ರಾಯಚೂರು, ದೇವದುರ್ಗ, ಮಾನ್ವಿ ಈ ಮೂರು ಊರುಗಳ ಒಂದೊಂದು ಕಾಲೇಜಿನ ಬಡ ವಿದ್ಯಾರ್ಥಿಗಳ ಶುಲ್ಕ ಕಟ್ಟಲು ಒಂದು ಟ್ರಸ್ಟಿನವರು ಮುಂದೆ ಬಂದಿದ್ದರು. ಮೂರೂ ಕಡೆಯ ಹೆಸರುಗಳು ಒಂದೇ ಪಟ್ಟಿಯಲ್ಲಿರಬೇಕು, ಸಂಜೆ ಐದರೊಳಗೆ ತಲುಪಬೇಕು ಎಂಬುದು ಅವರ ಕರಾರು. ಪಟ್ಟಿ ಕಳಿಸುವ ಹೊಣೆ ನನ್ನದು. ಮೂರೂ ಊರಿನವರು ತುಂಬಲೆಂದು ಒಂದು ಗೂಗಲ್ ಶೀಟ್ ತೆರೆದಿದ್ದೆವು. ದೇವದುರ್ಗದ ಹೆಸರುಗಳು ನುಡಿಯ ಹಳೆಯ ಫಾಂಟಿನಲ್ಲಿದ್ದವು. ಶೀಟಿಗೆ ಅಂಟಿಸಿದ ಕೂಡಲೇ ಬಸಮ್ಮ, ಹುಲಿಗೆಮ್ಮ ಎಲ್ಲರೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕುಳಿತರು. ಅವರನ್ನು ಯೂನಿಕೋಡಿಗೆ ತಂದು ಮತ್ತೆ ಮನುಷ್ಯರನ್ನಾಗಿ ಮಾಡುವುದರಲ್ಲಿ ಅರ್ಧ ದಿನ ಹೋಯಿತು. ಆ ಗಡಿಬಿಡಿಯಲ್ಲಿ ಮಾನ್ವಿಯ ಭಾಗವನ್ನು ಕೆಳಗೆ ಸರಿಸಿ ನೋಡುವ ತಾಳ್ಮೆ ನನಗೆ ಉಳಿದಿರಲಿಲ್ಲ. ‘ಆಯ್ತು’ ಅಂದಿದ್ದಾರಲ್ಲ!

ಮರುದಿನ ಟ್ರಸ್ಟಿನವರು ಕೇಳಿದರು: ಮಾನ್ವಿಯವರು ಯಾರೂ ಇಲ್ಲವೇ? ಅಲ್ಲಿನ 11 ಮಕ್ಕಳ ಹೆಸರು ನಾನು ಕಳಿಸಿದ ಪಟ್ಟಿಯಲ್ಲಿ ಇರಲೇ ಇಲ್ಲ.

ಸಿಟ್ಟು ನೆತ್ತಿಗೇರಿತು. ಗುಂಪಿನಲ್ಲಿ 34 ಮಂದಿ ಇದ್ದಾರೆ ಎಂಬುದು ಆಗ ನೆನಪಾಗಲಿಲ್ಲ, ಅಥವಾ ನೆನಪಿದ್ದೇ ಬರೆದೆನೋ ಏನೋ. ‘ಮಾಡದ ಕೆಲಸಕ್ಕೆ ಆಯ್ತು ಎನ್ನುವುದು ಯಾವ ಜವಾಬ್ದಾರಿ? ಮಕ್ಕಳ ಭವಿಷ್ಯದ ಜೊತೆ ಆಟವೇ?’ ಎಂದು ಬರೆದು ಒತ್ತಿಬಿಟ್ಟೆ. ನೀಲಿ ಗೆರೆಗಳು ಮೂಡಿದವು. ಯಾರೂ ಉತ್ತರಿಸಲಿಲ್ಲ. ಮಾನ್ವಿಯ ಉಪನ್ಯಾಸಕರಂತೂ ಅಂದಿನಿಂದ ಗುಂಪಿನಲ್ಲಿ ತುಟಿ ಬಿಚ್ಚಲಿಲ್ಲ. ನನಗಿಂತ ಹದಿನೈದು ವರ್ಷ ಚಿಕ್ಕವರು, ಮಿತಭಾಷಿ.

ರಾತ್ರಿ ದೇವದುರ್ಗದ ಮೇಡಂ ಫೋನ್ ಮಾಡಿದರು. ‘ಸರ್ರೀ, ಅವರು ಆಯ್ತು ಅಂದಿದ್ದು ಮಾಡ್ತೀನಿ ಅಂತ್ರೀ. ಮಾಡೀನಿ ಅಂತಲ್ರೀ.’

ನಾನು ಫೋನ್ ಹಿಡಿದು ಹಾಗೆಯೇ ಕುಳಿತೆ. ನಮ್ಮ ಭಾಷೆಯ ಈ ಪುಟ್ಟ ಪದ ಎರಡು ಕಾಲಗಳನ್ನು ಹೊಟ್ಟೆಯಲ್ಲಿಟ್ಟುಕೊಂಡಿದೆ. ‘ಊಟ ಆಯ್ತು’ ಎಂದರೆ ಮುಗಿಯಿತು. ‘ನಾಳೆ ಬಾ’ ಎಂದವರಿಗೆ ‘ಆಯ್ತು’ ಎಂದರೆ ಇನ್ನೂ ಹೊರಟೇ ಇಲ್ಲ. ಎದುರು ಕುಳಿತಾಗ ಈ ತೊಡಕು ಬರುವುದಿಲ್ಲ. ದನಿ ಹೇಳುತ್ತದೆ, ತಲೆಯಾಡಿಸುವ ರೀತಿ ಹೇಳುತ್ತದೆ. ಹಿಂದೆ ಇಂಥ ಕೆಲಸವಿದ್ದರೆ ಆ ಎರಡು ಊರಿನವರೂ ಬೆಳಗಿನ ಬಸ್ಸು ಹಿಡಿದು, ಕಂಕುಳಲ್ಲಿ ಫೈಲು ಇಟ್ಟುಕೊಂಡು ರಾಯಚೂರಿಗೆ ಬರುತ್ತಿದ್ದರು. ಒಂದೇ ಮೇಜಿನ ಸುತ್ತ ಕುಳಿತು, ಮಿರ್ಚಿ ತಿಂದು, ಪಟ್ಟಿ ಮುಗಿಸಿ ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ದಿನ ಪೂರ್ತಿ ಹಾಳಾಗುತ್ತಿತ್ತು, ನಿಜ. ಆದರೆ ಯಾರ ಹಾಳೆ ಖಾಲಿ ಇದೆ ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು.

ನಮ್ಮ ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ತೆಲುಗು ಶಾಸನವಿರುವ ಕಲ್ಲೊಂದಿದೆ. ಕಾಕತೀಯರ ಕಾಲದ್ದು, ಉದ್ದ 40 ಅಡಿಗೂ ಮಿಕ್ಕು. ಆ ಕಲ್ಲನ್ನು ತಂದ ಬಗೆಯನ್ನೂ ಅಲ್ಲಿಯೇ ಚಿತ್ರವಾಗಿ ಕೊರೆದಿದ್ದಾರೆ: ಬಂಡಿಯ ಮೇಲೆ ಕಲ್ಲು, ಮುಂದೆ ಎಳೆಯುವ ಕೋಣಗಳ ಸಾಲು, ಹಿಂದೆ ಗಾಲಿಗೆ ಸನ್ನೆಗೋಲು ಕೊಟ್ಟು ಮೀಟುವ ಆಳುಗಳು. ಪಾಲಕರು ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬೇಕಾದ ಚಿತ್ರ. ಆ ಆಳುಗಳಲ್ಲಿ ಒಬ್ಬ ‘ಆಯ್ತು’ ಎಂದು ಸುಮ್ಮನೆ ನಿಂತಿದ್ದರೆ ಪಕ್ಕದವನಿಗೆ ಆ ಕ್ಷಣವೇ ತಿಳಿಯುತ್ತಿತ್ತು, ಏಕೆಂದರೆ ಭಾರ ಅವನ ಹೆಗಲಿಗೆ ಬರುತ್ತಿತ್ತು. ನಮ್ಮ ಶೀಟಿನಲ್ಲಿ ಭಾರ ಯಾರ ಹೆಗಲಿಗೂ ತಾಗುವುದಿಲ್ಲ.

ಬರಹದಲ್ಲಿ ದನಿ ಕಾಣೆಯಾಗುವ ಫಜೀತಿ ನಮಗೊಬ್ಬರಿಗೇ ಆದದ್ದಲ್ಲ. 1982ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಸೂಚನಾ ಫಲಕದಲ್ಲಿ, ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ ಎಂಬರ್ಥದ ತಮಾಷೆಯೊಂದನ್ನು ಕೆಲವರು ನಿಜವೆಂದೇ ನಂಬಿದರು. ತಮಾಷೆಗೆ ಒಂದು ಗುರುತು ಬೇಕು ಎಂಬ ಚರ್ಚೆ ಎದ್ದಿತು. ಆಗ ಸ್ಕಾಟ್ ಫಾಲ್‌ಮನ್ ಎಂಬ ಪ್ರಾಧ್ಯಾಪಕರು ಎರಡು ಚುಕ್ಕಿ, ಒಂದು ಗೆರೆ, ಒಂದು ಕಂಸ ಜೋಡಿಸಿ ಅಡ್ಡ ಮಲಗಿದ ನಗುಮುಖ ಮಾಡಿದರು. ಇಂದಿನ ಹಳದಿ ಮುಖಗಳಿಗೆಲ್ಲ ಅದು ಅಜ್ಜ. ಕಂಪ್ಯೂಟರ್ ಪಂಡಿತರೇ ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಒದ್ದಾಡಿದರು ಎಂಬುದು ನನಗೆ ಒಂದಿಷ್ಟು ಸಮಾಧಾನ.

ಆ ಸಮಾಧಾನವೂ ಬಹಳ ದಿನ ಉಳಿಯಲಿಲ್ಲ. ಬೆಂಗಳೂರಿನ ಕಂಪನಿಯ ಕೆಲಸವನ್ನು ರಾಯಚೂರಿನ ನಮ್ಮ ಮನೆಯ ನಡುಮನೆಯಲ್ಲೇ ಕುಳಿತು ಮಾಡುತ್ತಿದ್ದ ಮಗಳು, ಶೀಟು ತೆರೆದು ‘ಆವೃತ್ತಿ ಇತಿಹಾಸ’ ಎಂಬುದನ್ನು ತೋರಿಸಿದಳು. ಯಾರು ಯಾವ ಗಳಿಗೆಯಲ್ಲಿ ಏನು ಬರೆದರು ಎಂಬುದೆಲ್ಲ ಅಲ್ಲಿ ಉಳಿದಿರುತ್ತದಂತೆ. ಮಾನ್ವಿಯ 11 ಹೆಸರುಗಳು ಪೂರ್ತಿಯಾಗಿ ಬಂದದ್ದು 4.52ಕ್ಕೆ. ಐದರ ಒಳಗೇ! ಅವರು ಮಾತು ಉಳಿಸಿಕೊಂಡಿದ್ದರು. ಅವಸರಪಟ್ಟವನು ನಾನು.

ಕೂಡಲೇ ಮಾನ್ವಿಗೆ ಫೋನ್ ಮಾಡಿ ‘ತಪ್ಪಾತ್ರೀ’ ಎಂದೆ. ಅವರು ‘ಇರಲಿ ಬಿಡ್ರಿ ಸರ್’ ಎಂದರು. ಮುಗಿಯಿತೆಂದು ಫೋನ್ ಇಟ್ಟೆ. ಮಗಳು ಕೇಳಿಸಿಕೊಳ್ಳುತ್ತಿದ್ದಳು.

‘ಅಪ್ಪಾ, ಬೈದಿದ್ದು ಮೂವತ್ನಾಲ್ಕು ಮಂದಿ ಮುಂದ. ತಪ್ಪಾತು ಅಂದಿದ್ದು ಒಬ್ಬರ ಕಿವ್ಯಾಗ. ಇದ್ಯಾವ ಲೆಕ್ಕ?’

ಹಳೆಯ ಕಾಲದಲ್ಲಿ ಮೆಮೋ ಕೊಟ್ಟರೂ ಲಕೋಟೆಯಲ್ಲಿ ಹಾಕಿ, ಅಂಟಿಸಿ ಕೊಡುತ್ತಿದ್ದರು. ಇಮೇಲಿನಲ್ಲಿ ಈಗಲೂ ಇರುವ ‘ಸಿಸಿ’ ಎಂಬುದು ನಮ್ಮ ಟೈಪ್‌ರೈಟರ್ ಕಾಲದ ಕಾರ್ಬನ್ ಕಾಪಿಯೇ. ಆದರೆ ಅಂದು ನಾಲ್ಕನೆಯ ಪ್ರತಿಯಲ್ಲಿ ಅಕ್ಷರ ಮಸುಕಾಗುತ್ತಿತ್ತು, ಬೈಗುಳವೂ ಸ್ವಲ್ಪ ಮಸುಕಾಗುತ್ತಿತ್ತು. ಇಂದು 34ನೆಯವರಿಗೂ ಅದು ಮೊದಲನೆಯವರಿಗೆ ಕಂಡಷ್ಟೇ ಸ್ವಚ್ಛ. ಮಗಳ ಕಂಪನಿಯಲ್ಲಿ ಮೆಚ್ಚುಗೆ ಗುಂಪಿನಲ್ಲಿ, ತಕರಾರು ಖಾಸಗಿಯಾಗಿ ಎಂಬ ಪದ್ಧತಿಯಿದೆಯಂತೆ. ಕೆಲಸ ಹೇಳುವಾಗ ಯಾರು, ಯಾವುದು, ಎಷ್ಟು ಗಂಟೆಗೆ ಎಂದು ಮೂರನ್ನೂ ಬರೆಯುತ್ತಾರಂತೆ. ಮೂವತ್ತು ವರ್ಷ ಪಾಠ ಹೇಳಿದ ನನಗೆ ‘ಸೇರಿಸಿ’ ಎಂಬ ಒಂದೇ ಕ್ರಿಯಾಪದ ಸಾಕೆನಿಸಿತ್ತು.

ಟ್ರಸ್ಟಿಗೆ ತಪ್ಪು ನನ್ನದೆಂದು ಬರೆದೆ. ಅವರು 11ರಲ್ಲಿ 8 ಮಕ್ಕಳನ್ನು ಸೇರಿಸಿಕೊಂಡರು. ಅಷ್ಟರಲ್ಲಿ ಹಣ ಮುಗಿದಿತ್ತು. ಉಳಿದ ಮೂವರ ಶುಲ್ಕವನ್ನು ನಾವೇ ಕೂಡಿಸಿ ಕಟ್ಟಿದೆವು. ನನ್ನ ಪಾಲು ತುಸು ದೊಡ್ಡದಿತ್ತು, ಅದು ನ್ಯಾಯವೇ.

ಆದರೆ ಗುಂಪಿನಲ್ಲಿ ಬರೆಯುವುದಕ್ಕೆ ನನಗೆ ಮತ್ತೆರಡು ದಿನ ಬೇಕಾದವು. ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕೊನೆಗೆ ಉಳಿದದ್ದು ಇಷ್ಟು: ‘ಮಾನ್ವಿಯವರು ಪಟ್ಟಿಯನ್ನು 4.52ಕ್ಕೆ ಮುಗಿಸಿದ್ದರು. ನಾನು ನೋಡದೆ 4.30ಕ್ಕೇ ಕಳಿಸಿದೆ. ತಪ್ಪು ನನ್ನದು. ಅವರ ಬಗ್ಗೆ ಎಲ್ಲರೆದುರು ಆಡಿದ ಮಾತಿಗೆ ಎಲ್ಲರೆದುರೇ ಕ್ಷಮೆ ಕೇಳುತ್ತೇನೆ.’

ನೀಲಿ ಗೆರೆಗಳು ಮೂಡಿದವು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಮಾನ್ವಿಯಿಂದ ಬಂತು: ‘ಆಯ್ತು ಸರ್.’

ಅದರ ಬೆನ್ನಿಗೇ ಇನ್ನೊಂದು: ‘ಮುಂದಿನ ವರ್ಷದ ಪಟ್ಟಿ ಯಾವ ತಾರೀಖು, ಎಷ್ಟು ಗಂಟೆಗೆ ಬೇಕು, ಈಗಲೇ ಹೇಳಿಬಿಡ್ರಿ.’